ಭಂಡಾರ ಎತ್ತಿಸಿದ ಮಳೆಗಾಲ

ದಾರಕ್ಕೆ ಹಾಕುವ ಗಂಜಿಯ ವಾಸನೆ ಇಚಲಕರಂಜಿ ಬಿಟ್ಟ ಮೇಲೆ ನನ್ನ ಮೂಗಿಗೆ ಬಿದ್ದಿರಲಿಲ್ಲ. ಸ್ವಲ್ಪ ಹುಳಿ, ಸ್ವಲ್ಪ ತಳ ಹಿಡಿದ ಅನ್ನದ ಹಾಗಿರುವ ವಾಸನೆ ಅದು. ಈ ಆಷಾಢದಲ್ಲಿ ಗೆಳೆಯ ಚಂದ್ರಕಾಂತ ತೀರಿಕೊಂಡ ಸುದ್ದಿ ಬಂತು. ಅವನ ಮನೆಯವರನ್ನು ಮಾತನಾಡಿಸಿ ಬರೋಣವೆಂದು ಹೋದೆ. ಬಸ್ಸಿಳಿದು ಹಳೆಯ ಓಣಿಗೆ ತಿರುಗುತ್ತಿದ್ದಂತೆ ಆ ವಾಸನೆ ಬಂದು ಎದೆಗೆ ಬಡಿಯಿತು. ಮಳೆ ಹನಿಯುತ್ತಿತ್ತು. ನಾವು ನಾಟಕದ ತಾಲೀಮು ಮಾಡುತ್ತಿದ್ದ ಮಗ್ಗದ ಶೆಡ್ಡು ಅಲ್ಲೇ ಇತ್ತು, ಮೇಲಿನ ತಗಡು ಮಾತ್ರ ಹೊಸದು. ಒಳಗೆ ಇಣುಕುವ ಧೈರ್ಯ ನನಗಾಗಲಿಲ್ಲ. ಮಗ್ಗಗಳೆಲ್ಲ ನಿಂತಿದ್ದ ಒಂದು ಮಧ್ಯಾಹ್ನ ಆ ಶೆಡ್ಡಿನಲ್ಲಿ ನಾನು ನನ್ನ ಹೆಂಡತಿಯನ್ನು ಕಳೆದುಕೊಂಡೆ. ಅವಳು ಬದುಕಿದ್ದಾಳೆ, ಕೊಲ್ಹಾಪುರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಆದರೂ ಕಳೆದುಕೊಂಡೆ ಎಂಬುದೇ ಸರಿಯಾದ ಮಾತು.

ನನ್ನ ಊರು ಗಡಹಿಂಗ್ಲಜ ತಾಲೂಕಿನ ನೂಲ. ಕುರಿ ಸಾಕುವ ಮನೆತನ ನಮ್ಮದು. ಗಡಹಿಂಗ್ಲಜದಲ್ಲಿ ಮೆಟ್ರಿಕ್ ಮುಗಿಸಿದೆ. ಕುರಿಯ ಹಿಂದೆ ಹೋಗಲು ಮನಸ್ಸಾಗಲಿಲ್ಲ. ಇಚಲಕರಂಜಿಗೆ ಬಂದು ಮಗ್ಗ ನಡೆಸಿದೆ. ಕೊನೆಗೆ ಕೆಟ್ಟ ಮಗ್ಗ ಸರಿಮಾಡುವ ಜಾಬರ್ ಆದೆ. ಹೆಂಡತಿ ರತ್ನಾ ನಮ್ಮ ಜಾತಿಯವಳೇ, ಆದರೆ ಹುಟ್ಟಿ ಬೆಳೆದದ್ದು ಕೊಲ್ಹಾಪುರದಲ್ಲಿ. ಅವಳ ತಂದೆ ಅಲ್ಲಿ ಕಂಬಳಿ ಮಾರುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮರಾಠಿ ನನಗೂ ಬರುತ್ತದೆ, ಕೆಲಸ ಸಾಗುವಷ್ಟು. ರತ್ನಾ ಮರಾಠಿಯಲ್ಲಿ ನಗುತ್ತಿದ್ದಳು. ಅಷ್ಟು ಕಾಲ ಆ ಊರಲ್ಲಿ ದುಡಿದರೂ ನಾನೊಂದು ಚಾಷ್ಟಿಯ ಮಾತಾಡಿ ಯಾರನ್ನೂ ನಗಿಸಿದವನಲ್ಲ. ಅವಳು ಕೊತ್ತಂಬರಿ ಕೊಳ್ಳಲು ಹೋದರೂ ಅಂಗಡಿಯವಳನ್ನು ನಗಿಸಿ ಬರುತ್ತಿದ್ದಳು. ಮಗಳ ಮದುವೆಯಾದ ಮೇಲೆ ಅವಳೂ ನಮ್ಮ ಶೆಡ್ಡಿನಲ್ಲಿ ಕಾಂಡಿಗೆ ದಾರ ಸುತ್ತುವ ಕೆಲಸ ಹಿಡಿದಳು. ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳಿಸದು. ಅಲ್ಲಿ ದುಡಿಯುವವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ರತ್ನಾ ಅದನ್ನೂ ಬೇಗ ಕಲಿತಳು.

ಪಂಚಗಂಗೆಗೆ ದೊಡ್ಡ ನೆರೆ ಬಂದ ವರ್ಷ ಅದು. ಗಣಪತಿ ಹಬ್ಬಕ್ಕೆ ಓಣಿಯ ಕನ್ನಡದವರೆಲ್ಲ ಸೇರಿ ಒಂದು ನಾಟಕ ಆಡಬೇಕೆಂದು ನಿರ್ಧಾರವಾಯಿತು. ಗಡಹಿಂಗ್ಲಜದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಪಾಟೀಲ ಸರ್ ಹಳೆಯ ಇಂಗ್ಲಿಷ್ ದುರಂತ ನಾಟಕವೊಂದನ್ನು ನಮ್ಮ ಮಾತಿಗೆ ಇಳಿಸಿದ್ದರು. ಹೆಸರು ಹೇಳುವುದು ಬೇಡ. ಓದಿದವರಿಗೆ ಕಥೆ ಕೇಳಿದರೇ ಗೊತ್ತಾಗುತ್ತದೆ. ಒಂದು ಸಿರಿವಂತ ಪಟ್ಟಣ ಪರದೇಶದ ಕಪ್ಪು ಮೈಯ ದಂಡನಾಯಕನನ್ನು ಯುದ್ಧಕ್ಕಾಗಿ ಇಟ್ಟುಕೊಂಡಿರುತ್ತದೆ. ಅಲ್ಲಿನ ದೊಡ್ಡ ಮನೆಯ ಹುಡುಗಿ ಅವನು ಹೇಳುವ ಸಾಹಸದ ಕಥೆಗಳನ್ನು ಕೇಳುತ್ತ ಕೇಳುತ್ತ ಅವನಿಗೆ ಒಲಿದು ಮದುವೆಯಾಗುತ್ತಾಳೆ. ಅವನ ಕೈಕೆಳಗಿನವನೊಬ್ಬ, ಚೆಲುವ ಸೇನಾನಿಯೊಬ್ಬನ ಜೊತೆ ಅವಳ ಹೆಸರು ಜೋಡಿಸಿ ದಂಡನಾಯಕನ ಕಿವಿ ಊದುತ್ತಾನೆ. ಒಂದು ಕರವಸ್ತ್ರವೇ ಸಾಕ್ಷಿಯಾಗುತ್ತದೆ. ಗಂಡನೇ ಹೆಂಡತಿಯ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಅವಳು ನಿರಪರಾಧಿ ಎಂದು ಆಮೇಲೆ ತಿಳಿಯುತ್ತದೆ.

ದಂಡನಾಯಕ ನಾನಾದೆ. ನನ್ನ ಮೈಬಣ್ಣ ನೋಡಿ, ಬೀರಣ್ಣನಿಗಾದರೆ ಮಸಿಯ ಖರ್ಚು ಉಳಿಯಿತು ಎಂದು ಚಂದ್ರಕಾಂತ ನಗಿಸಿದ. ಅವನು ದಾರದ ವ್ಯಾಪಾರಿ, ಲಿಂಗಾಯತರವನು, ಓಣಿಯಲ್ಲೆಲ್ಲ ಚಾಷ್ಟಿಯ ಮನುಷ್ಯ. ಕಿವಿ ಊದುವವನ ಪಾತ್ರ ಅವನಿಗೆ ಬಂತು. ಮಗ್ಗದವರಾದ ನಮಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕುಳಿತು ವ್ಯವಹಾರ ಮಾಡಿದ ಚಂದ್ರಕಾಂತನಿಗೆ ಬರುತ್ತಿತ್ತು. ಸೇನಾನಿಯ ಪಾತ್ರ ದಿಲೀಪನದು. ಮಗ್ಗಕ್ಕೆ ದಾರ ಸುತ್ತಿದ ಹೊಸ ಬೀಮು ಏರಿಸಿದಾಗ ಹಳೆಯ ಎಳೆಗೆ ಹೊಸ ಎಳೆ ಗಂಟು ಹಾಕುವ ಕೆಲಸ ಅವನದು. ಮರಾಠಿಯವನು, ನಮ್ಮ ಪಕ್ಕದ ಖೋಲಿಯಲ್ಲಿದ್ದ. ರತ್ನಾಳನ್ನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಅವನಿಗೆ ಕನ್ನಡದ ಮಾತು ಬಾಯಿಪಾಠ ಮಾಡಿಸುವ ಕೆಲಸ ಅವಳದಾಯಿತು. ಹೆಂಡತಿಯ ಪಾತ್ರಕ್ಕೆ ಬೆಳಗಾವಿಯ ನಟಿಯೊಬ್ಬಳು ಕೊನೆಯ ವಾರ ಬರುವವಳಿದ್ದಳು. ಅಲ್ಲಿಯವರೆಗೆ ಆ ಮಾತುಗಳನ್ನೂ ರತ್ನಾಳೇ ಓದುತ್ತಿದ್ದಳು, ಕಾಂಡಿಯ ಬುಟ್ಟಿಯ ಪಕ್ಕ ಕುಳಿತು, ಎದ್ದು ನಿಲ್ಲದೆ.

ವಾರದ ಸೂಟಿಯ ದಿನ, ಮಗ್ಗ ನಿಂತಾಗ, ತಾಲೀಮು. ಸರ್ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮೊದಲು ಒಂದು ಪ್ರವೇಶ ಮಾಡಿಸಿ, ಆಮೇಲೆ ಚಹಾ ಕುಡಿಯುತ್ತ, ಈ ಗಂಡನ ಸಂಶಯದ ಬಗ್ಗೆ ವಿದ್ವಾಂಸರು ಏನೇನು ಹೇಳಿದ್ದಾರೆಂದು ವಿವರಿಸುತ್ತಿದ್ದರು. ಇಂಥ ಮಾತು ನಾನು ಹಿಂದೆಂದೂ ಕೇಳಿದವನಲ್ಲ. ಒಬ್ಬ ಪಂಡಿತರ ಪ್ರಕಾರ ದಂಡನಾಯಕ ಸ್ವಭಾವದಿಂದ ಸಂಶಯದವನೇ ಅಲ್ಲ. ಕಪಟ ಅರಿಯದ ದೊಡ್ಡ ಮನಸ್ಸು, ಅಂಥ ಕುತಂತ್ರಿ ಎದುರಾದರೆ ಯಾರೇ ಆದರೂ ಬೀಳುತ್ತಿದ್ದರು. ಇನ್ನೊಬ್ಬರು ಇದನ್ನು ಒಪ್ಪುವುದಿಲ್ಲ. ಕಿವಿ ಊದುವವನು ಆಡಿದ್ದು ಎಷ್ಟು ಕಡಿಮೆ ನೋಡಿ, ಇವನು ಮುರಿದದ್ದು ಎಷ್ಟು ಬೇಗ ನೋಡಿ. ವಿಷ ಒಳಗೇ ಇತ್ತು, ಇವನು ಹೆಂಡತಿಯನ್ನಲ್ಲ, ಅವಳ ಕಣ್ಣಲ್ಲಿ ಕಾಣುವ ತನ್ನ ದೊಡ್ಡ ರೂಪವನ್ನು ಪ್ರೀತಿಸಿದವನು ಎನ್ನುತ್ತಾರೆ. ಕಿವಿ ಊದುವವನಿಗೆ ಕಾರಣವೇ ಇಲ್ಲ, ದಿನಕ್ಕೊಂದು ಕಾರಣ ಹುಡುಕಿಕೊಳ್ಳುತ್ತಾನೆ ಎಂಬುದು ಮತ್ತೊಂದು ವಾದ. ಇತ್ತೀಚಿನವರು ಹೇಳುವುದೇ ಬೇರೆ: ಆ ಮನುಷ್ಯ ಹೊರಗಿನವನು. ಆ ಊರಿಗೆ ಅವನ ತೋಳು ಬೇಕು, ಅವನು ಬೇಡ. ನಮ್ಮ ಊರಿನ ಹೆಂಗಸರ ರೀತಿ ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಎಂದು ಕಿವಿಯಲ್ಲಿ ಹೇಳಿದ ಕೂಡಲೇ ಅವನು ಸೋತ.

ಇದನ್ನು ಹೇಳಿ ಸರ್ ನನ್ನ ಕಡೆ ತಿರುಗಿ, ನೀನು ಇದನ್ನೇ ಹಿಡಿದು ಅಭಿನಯಿಸು ಎಂದರು. ಯಾಕೆ ನನಗೇ ಹೇಳಿದರೆಂದು ನಾನು ಕೇಳಲಿಲ್ಲ. ಅತ್ತ ಮೂಲೆಯಲ್ಲಿ ರತ್ನಾ ದಿಲೀಪನ ತಪ್ಪು ಉಚ್ಚಾರಕ್ಕೆ ನಗುತ್ತಿದ್ದಳು, ಅವನೂ ನಗುತ್ತಿದ್ದ.

ಚರ್ಚೆ ಬಿಸಿಯಾಗುತ್ತಿತ್ತು. ಒಂದು ಮಾತಿಗೆ ಮಾತ್ರ ಶೆಡ್ಡಿನಲ್ಲಿ ಎಲ್ಲರೂ ಒಪ್ಪಿದ್ದರು: ಈ ಮಹಾಶಯ ನೇರ ಹೆಂಡತಿಯನ್ನೇ ಕೇಳಿಬಿಟ್ಟಿದ್ದರೆ ನಾಟಕವೇ ಇರುತ್ತಿರಲಿಲ್ಲ. ಆಗ ನಾನು ನನ್ನ ವ್ಯಾಖ್ಯಾನ ಮುಂದಿಟ್ಟೆ. ನಮ್ಮ ಮನೆತನದಲ್ಲಿ ಸಂಶಯ ಬಂದರೆ ಬೀರದೇವರ ಭಂಡಾರ ಎತ್ತಿಸುತ್ತಾರೆ. ದೇವರ ಅರಿಶಿನ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿ ಆಣೆ ಮಾಡಿದರೆ ಮುಗಿಯಿತು; ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ನನ್ನಪ್ಪನಿಗೂ ಕಾಕನಿಗೂ ಒಂದು ಟಗರಿನ ಮೇಲೆ ಜಗಳವಾದಾಗ ಕಾಕ ಭಂಡಾರ ಎತ್ತಿದ್ದ. ಅಪ್ಪ ಅಲ್ಲೇ ಕೈ ಮುಗಿದಿದ್ದ. ಈ ದಂಡನಾಯಕ ಕುರುಬರವನಾಗಿದ್ದರೆ ನಾಟಕ ಎರಡನೆಯ ಅಂಕಕ್ಕೇ ಮಂಗಳ ಹಾಡುತ್ತಿತ್ತು ಎಂದೆ. ಶೆಡ್ಡು ನಕ್ಕಿತು. ಸರ್ ತೊಡೆ ತಟ್ಟಿ, ಇದು ಯಾವ ಪಂಡಿತನಿಗೂ ಹೊಳೆದಿಲ್ಲ ನೋಡು ಎಂದರು. ನಾನು ಮೊದಲ ಸಲ ಆ ಊರಿನಲ್ಲಿ ಜನರನ್ನು ನಗಿಸಿದ್ದೆ. ಎದೆ ಉಬ್ಬಿತು.

ನಗು ನಿಂತ ಮೇಲೆ ಕಾಂಡಿಯ ಬುಟ್ಟಿಯ ಕಡೆಯಿಂದ ರತ್ನಾಳ ದನಿ ಬಂತು.

"ಅಂವ ಕೇಳ್ಯಾನಲ್ರಿ ಸರ್. ಮತ್ತ ಮತ್ತ ಕೇಳ್ಯಾನ. ಆಕಿ ಕೇಳೂದರಾಗ ಸತ್ತಳು. ಕುತ್ತಿಗಿ ಹಿಚುಕಿದ್ದು ಆಮ್ಯಾಲಿನ ಮಾತು."

ಹೌದು, ಹಾಗೂ ಒಂದು ರೀತಿ ನೋಡಬಹುದು ಎಂದು ಸರ್ ಕೈಗಡಿಯಾರ ನೋಡಿದರು. ಮುಂದಿನ ಪ್ರವೇಶ ಶುರುವಾಯಿತು. ನನ್ನ ಮಾತಿಗೆ ಬಿದ್ದ ನಗುವನ್ನು ಅವಳು ಕಸಿದುಕೊಂಡಳೆಂದು ನನಗೆ ಸಿಟ್ಟು ಬಂದಿತ್ತು. ಮಾತಿನ ಅರ್ಥದ ಕಡೆ ನಾನು ಹೋಗಲೇ ಇಲ್ಲ.

ಶ್ರಾವಣದ ಹೊತ್ತಿಗೆ ಮಳೆ ಬಿಡದೆ ಹಿಡಿಯಿತು. ನಾಟಕದ ಉಡುಪು ಬಾಡಿಗೆಗೆ ತರಲು ದಿಲೀಪ ಕೊಲ್ಹಾಪುರಕ್ಕೆ ಹೊರಟ. ರತ್ನಾಳ ತಾಯಿಗೆ ಮೊಣಕಾಲು ನೋವು ಹೆಚ್ಚಾಗಿತ್ತು. ಹೇಗೂ ಜೊತೆಯಿದೆ, ಅವ್ವನನ್ನು ನೋಡಿ ಸಂಜೆಗೆ ಬರುತ್ತೇನೆಂದು ಅವಳೂ ಅದೇ ಬಸ್ಸಿಗೆ ಹೋದಳು. ನಾನೇ ಹೋಗೆಂದೆ. ಮಧ್ಯಾಹ್ನದ ಹೊತ್ತಿಗೆ ಪಂಚಗಂಗೆ ದಡ ಮೀರಿ ರಸ್ತೆಗೆ ಬಂತು, ಬಸ್ಸು ನಿಂತವು. ತಮ್ಮನ ಮನೆಯಲ್ಲೇ ಇದ್ದೇನೆ, ಕಾಳಜಿ ಮಾಡಬೇಡಿ ಎಂದು ಒಮ್ಮೆ ಅವಳ ಫೋನ್ ಬಂತು. ಅದಾದ ಮೇಲೆ ಫೋನ್ ಹತ್ತಲಿಲ್ಲ.

ನಮ್ಮ ಕಡೆಯೂ ನೀರು ತಗ್ಗಿನ ಓಣಿಗಳಿಗೆ ನುಗ್ಗಿತು. ಕರೆಂಟು ಹೋಯಿತು, ಮಗ್ಗ ನಿಂತವು. ಇಡೀ ಇಚಲಕರಂಜಿ ಮೂಕವಾದಂತಿತ್ತು. ಅಷ್ಟು ವರ್ಷ ಸದ್ದಿನಲ್ಲಿ ಬದುಕಿದವನಿಗೆ ಆ ಮೌನ ಸಹಿಸಲು ಆಗುತ್ತಿರಲಿಲ್ಲ, ತಲೆಯೊಳಗಿನದೆಲ್ಲ ಕೇಳಿಸತೊಡಗಿತ್ತು. ಅಕಿವಾಟದ ಕಡೆ ಮನೆಗಳು ಮುಳುಗಿದವೆಂದು ಸುದ್ದಿ ಬರುತ್ತಿತ್ತು. ಅವಳಿಗೇನಾಯಿತೋ ಎಂಬ ಭಯ ನನಗಿತ್ತು, ಇರಲಿಲ್ಲವೆಂದರೆ ಸುಳ್ಳಾದೀತು. ಖೋಲಿಯಲ್ಲಿ ಕೂರಲಾಗದೆ ನೀರಿನ ಅಂಚಿನವರೆಗೆ ಹೋಗಿ ನಿಂತು ಬರುತ್ತಿದ್ದೆ.

ಆಮೇಲೆ ಓಣಿಯ ಟೆಂಪೋದವನೊಬ್ಬ ಸುತ್ತುಬಳಸಿ ಕೊಲ್ಹಾಪುರದಿಂದ ಬಂದ. ಅವನು ಒಳ್ಳೆಯ ಸುದ್ದಿಯೆಂದೇ ಹೇಳಿದ: ರತ್ನಾವಹಿನಿ ಸುಖವಾಗಿದ್ದಾಳೆ, ನೆರೆಯವರನ್ನು ಇಟ್ಟಿರುವ ಶಾಲೆಯಲ್ಲಿ ನೋಡಿದೆ, ಪಂಗತಿಗೆ ಅನ್ನ ಬಡಿಸುತ್ತಿದ್ದಾಳೆ, ದಿಲೀಪ ಪಾತ್ರೆ ಹೊತ್ತು ಬೆನ್ನ ಹಿಂದಿದ್ದಾನೆ, ಇಬ್ಬರೂ ಅಂಥದರಲ್ಲೂ ಜನರನ್ನು ನಗಿಸುತ್ತಿದ್ದಾರೆ.

ಭಯ ಆ ಕ್ಷಣಕ್ಕೆ ಇಳಿಯಿತು. ಅದು ಇಳಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ತಮ್ಮನ ಮನೆ ಎಂದವಳು ಶಾಲೆಯಲ್ಲಿ ಯಾಕಿದ್ದಾಳೆ? ನಾನಿಲ್ಲಿ ಅನ್ನ ಬಿಟ್ಟು ಕೂತಿರುವಾಗ ಅಲ್ಲಿ ನಗುವುದೇನಿದೆ?

ಸಂಜೆ ಚಂದ್ರಕಾಂತ ರೊಟ್ಟಿ ಪಲ್ಯ ಕಟ್ಟಿಕೊಂಡು ಬಂದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ನಾನು ಏನನ್ನೂ ಮುಚ್ಚಿಡಲಿಲ್ಲ. ಬಂದಕೂಡಲೇ ನೇರ ಕೇಳುತ್ತೇನೆ, ಭಂಡಾರ ಎತ್ತಿಸುತ್ತೇನೆ, ಒಳಗೊಳಗೇ ಕುದಿಯುವವನು ನಾನಲ್ಲ ಎಂದೆ. ಅವನು ರೊಟ್ಟಿಯ ಗಂಟು ಬಿಚ್ಚುವುದನ್ನು ನಿಲ್ಲಿಸಿದ.

"ಬೀರಣ್ಣಾ, ಅದು ನಾಟಕದಾಗ ಆಡಿದ ಮಾತು. ಇಲ್ಲಿ ತರಬ್ಯಾಡ. ಆಕಿ ನೀರಾಗಿಂದ ಎದ್ದ ಬರಾಕತ್ತಾಳ. ಏನೂ ಕೇಳಬ್ಯಾಡ. ಮೊದಲ ಚಾ ಕೊಡು."

"ನಿನ್ನ ಮಾತ ಕೇಳೇ ನಾಟಕದಾಗ ಕೆಟ್ಟೇನಿ," ಎಂದೆ. "ಮನ್ಯಾಗೂ ಕೇಳ್ಲೇನ?"

ಅವನು ನಗಲಿಲ್ಲ. ಕಿವಿ ಊದುವ ಪಾತ್ರದವನು ಬಂದು ಬೇಡವೆನ್ನುತ್ತಿದ್ದ. ನಾಟಕದಿಂದ ನಾನು ಕಲಿತದ್ದು ಮಾತ್ರ ಒಂದೇ ಪಾಠ: ನಡುವಿನವರ ಮಾತು ಕೇಳಬಾರದು. ಆ ಪಾಠವನ್ನು ನಾನು ಅವನ ಮೇಲೆಯೇ ಪ್ರಯೋಗಿಸಿದೆ.

ನೀರಿಳಿದು ರಸ್ತೆ ತೆರೆದ ದಿನ ಸೂಟಿಯ ದಿನವೇ ಆಗಿತ್ತು. ಗಡಹಿಂಗ್ಲಜದ ದಾರಿ ಇನ್ನೂ ಬಂದಾಗಿದ್ದರಿಂದ ಸರ್ ಬಂದಿರಲಿಲ್ಲ. ಆದರೂ ಉಡುಪು ಬರುತ್ತದೆಂದು ನಾಟಕದವರೆಲ್ಲ ಶೆಡ್ಡಿನಲ್ಲಿ ಸೇರಿದ್ದರು. ಭಂಡಾರದ ಚೀಲ ನನ್ನ ಜೇಬಿನಲ್ಲಿತ್ತು. ಅವಳ ಮುಖ ನೋಡಿ ಸಿಟ್ಟಿನಲ್ಲಿ ಮಾಡಿದ ಕೆಲಸವಲ್ಲ ಅದು. ದೇವರ ಮಾಡದಿಂದ ಆ ಚೀಲವನ್ನು ಬೆಳಿಗ್ಗೆಯೇ ತೆಗೆದಿಟ್ಟುಕೊಂಡಿದ್ದೆ.

ಟೆಂಪೋ ಬಂದು ಬಾಗಿಲಲ್ಲಿ ನಿಂತಿತು. ಮಳೆ ಜೋರಾಗಿತ್ತು. ಮೊದಲು ದಿಲೀಪ ಉಡುಪಿನ ಗಂಟು ಹೊತ್ತು ಇಳಿದ. ಅವನ ಹಿಂದೆ ರತ್ನಾ. ಮೈಮೇಲೆ, ಮಳೆಗೆ ಅಡ್ಡವಾಗಿ, ಜರಿ ಅಂಚಿನ ಕೆಂಪು ನಿಲುವಂಗಿ ಹೊದ್ದಿದ್ದಳು. ದಂಡನಾಯಕನದು, ನನಗೆಂದು ತಂದದ್ದು. ಸೇನಾಪತಿ ಸಾಹೇಬರು ಬಂದ್ರು, ಸಲಾಮ್ ಹೊಡೀರಿ ಎಂದು ಯಾರೋ ಕೂಗಿದರು. ರತ್ನಾ ಸುಮ್ಮನಿರುವವಳೇ? ಎದೆ ಸೆಟೆಸಿ, ಎಡಗೈ ಸೊಂಟಕ್ಕೆ ಕೊಟ್ಟು, ನಾನು ತಾಲೀಮಿನಲ್ಲಿ ನಡೆಯುವ ಹಾಗೆ ನಾಲ್ಕು ಹೆಜ್ಜೆ ನಡೆದಳು. ಥೇಟ್ ನಾನೇ. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದು ನಕ್ಕಿತು. ದಿಲೀಪ ಗಂಟು ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ.

ಅವಳು ನೇರ ನನ್ನ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು, ನಿದ್ದೆಯಿಲ್ಲದ ಮುಖ, ಆದರೂ ಒಳಗಿನಿಂದ ಏನೋ ಬೆಳಗುತ್ತಿತ್ತು. ಹೇಳಲು ಒಂದು ದೊಡ್ಡ ಸುದ್ದಿ ತಂದವರ ಮುಖ ಅದು.

"ಏನ್ರಿ, ಇಲ್ಲೆ ಕೇಳ್ರಿ. ಏನೇನ ಆತಂದ್ರ..."

"ಮೊದಲ ಭಂಡಾರ ಎತ್ತು," ಎಂದೆ. "ಆಮ್ಯಾಲ ಹೇಳು."

ನಗು ಒಂದೊಂದೇ ಬಾಯಿಂದ ಇಳಿದು ಹೋಯಿತು. ತಗಡಿನ ಮೇಲಿನ ಮಳೆ ಮಾತ್ರ ಉಳಿಯಿತು. ಕಾಯ ಝಾಲಂ ವಹಿನಿ, ಏನಾಯಿತು, ಎಂದು ದಿಲೀಪ ಕೇಳಿದ. ಚೀಲ ಬಿಚ್ಚಿ ಅಂಗೈಯಲ್ಲಿ ಭಂಡಾರ ಸುರಿದುಕೊಂಡು ನಾನು ಕೈ ಚಾಚಿದೆ. ನನ್ನ ದನಿ ಶಾಂತವಾಗಿತ್ತು. ಅದಕ್ಕೂ ಹೆಮ್ಮೆ ಪಟ್ಟಿದ್ದೆ.

"ತಪ್ಪ ತಿಳೀಬ್ಯಾಡ. ನಾಟಕದಾಗಿನ ಅಂವನಂಗ ಮನಸಿನ್ಯಾಗ ಇಟ್ಕೊಂಡು ಕೊಲ್ಲಾವ ಅಲ್ಲ ನಾ. ನಾಕ ಮಂದಿ ಮುಂದ ಕೇಳಾಕತ್ತೇನಿ. ನೀ ಎತ್ತಿದಿ ಅಂದ್ರ ಮುಗೀತು."

ಅವಳು ಎಲ್ಲರಿಗೂ ಬೆನ್ನು ಮಾಡಿ, ನನಗೊಬ್ಬನಿಗೇ ಕಾಣುವ ಹಾಗೆ ನಿಂತಳು. ದನಿಯಿಲ್ಲದೆ, ಮಗ್ಗದ ಸದ್ದಿನಲ್ಲಿ ಆಡುವ ಹಾಗೆ, ಬರೀ ತುಟಿಯಲ್ಲಿ ಒಂದು ಮಾತು ಹೇಳಿದಳು: ಬ್ಯಾಡ್ರಿ. ಜೀವಮಾನವೆಲ್ಲ ತುಟಿ ಓದಿದವನು ನಾನು. ನನಗದು ಸ್ಪಷ್ಟವಾಗಿ ತಿಳಿಯಿತು. ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

ರತ್ನಾ ನನ್ನ ಅಂಗೈಯಿಂದ ಭಂಡಾರ ಬಾಚಿ ಮುಷ್ಟಿ ಕಟ್ಟಿ ಹಣೆಗೆ ಮುಟ್ಟಿಸಿದಳು. ಬೀರದೇವರ ಆಣೆ, ತನ್ನ ಮೇಲೆ ಯಾವ ಹೊಲಸೂ ಇಲ್ಲ ಎಂದಳು. ನಾನು ಅಪ್ಪನ ಹಾಗೆ ಕೈ ಮುಗಿದೆ. ನನ್ನ ಲೆಕ್ಕದಲ್ಲಿ ಎಲ್ಲ ಚೊಕ್ಕಟವಾಗಿ ಮುಗಿದಿತ್ತು. ಈಗ ಹೇಳು, ಏನಾಯಿತು ಎಂದು ಕೇಳಿದೆ ಕೂಡ.

ಅವಳು ನಿಲುವಂಗಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ನಿಂತ ಮಗ್ಗದ ಬೀಮಿನ ಮೇಲಿಟ್ಟಳು. ಕೆಂಪು ಬಟ್ಟೆಯ ಮೇಲೆ ಅವಳ ಬೆರಳಿನ ಹಳದಿ ಗುರುತು ಮೂಡಿತು.

"ಮುಗೀತು ಅಂದ್ರಲ್ಲ, ಮುಗೀತು. ಭಂಡಾರ ಎತ್ತಿದವರ ಕುರಿ ಆಮ್ಯಾಲ ಒಂದ ಹಟ್ಟ್ಯಾಗ ಕೂಡೂದಿಲ್ಲ. ನಿಮ್ಮಪ್ಪನ ಕಥಿ ಆವತ್ತ ನೀವ ಹೇಳಿದ್ರಿ. ಅರ್ಧಾ ಹೇಳಿದ್ರಿ."

ಅದು ನಿಜ. ಟಗರಿನ ಜಗಳದಲ್ಲಿ ಕಾಕ ಭಂಡಾರ ಎತ್ತಿದ ದಿನವೇ ಎರಡು ಹಿಂಡು ಬೇರೆಯಾದವು. ನನ್ನಪ್ಪ ಮತ್ತು ಕಾಕ ಆಮೇಲೆ ಜಗಳವಾಡಲಿಲ್ಲ, ಮಾತೂ ಆಡಲಿಲ್ಲ. ಎರಡು ಹಟ್ಟಿಗಳ ನಡುವೆ ಕಳ್ಳಿಯ ಬೇಲಿ ಬೆಳೆಯಿತು. ನಗಿಸುವ ಹುಕಿಯಲ್ಲಿ ಆ ಅರ್ಧವನ್ನು ನಾನು ಬಿಟ್ಟಿದ್ದೆ. ಬಿಟ್ಟಿದ್ದೇನೆಂಬುದೂ ನೆನಪಿರಲಿಲ್ಲ.

ಅವಳು ಆ ದಿನವೇ ಹೋಗಲಿಲ್ಲ. ಮನೆಗೆ ಬಂದಳು, ಒಲೆ ಹೊತ್ತಿಸಿದಳು, ಬಡಿಸಿದಳು. ಉಪ್ಪು ಬೇಕೆ, ನೀರು ಬೇಕೆ ಎನ್ನುವುದರ ಆಚೆ ಮಾತಿಲ್ಲ. ಕೊಲ್ಹಾಪುರದಲ್ಲಿ ಏನಾಯಿತೆಂದು ನಾನು ಕೇಳಿದಾಗಲೆಲ್ಲ, ಆ ಮಾತು ಎತ್ತುವಂತಿಲ್ಲವಲ್ಲ ಎಂದು ನನ್ನ ನೇಮವನ್ನೇ ನನಗೆ ಕೊಟ್ಟಳು. ದಿಲೀಪ ಖೋಲಿ ಖಾಲಿ ಮಾಡಿಕೊಂಡು ಬೇರೆ ಊರಿಗೆ ಹೋದ. ನಾಟಕ ನಿಂತಿತು. ನೆರೆಯಿಂದ ನಿಂತಿತೆಂದು ಊರಿಗೆಲ್ಲ ಹೇಳಿದರು. ಶೆಡ್ಡಿನವರಿಗೆ ನಿಜ ಗೊತ್ತಿತ್ತು.

ಕೆಲವು ದಿನಕ್ಕೆ ಅವಳ ತಾಯಿಗೆ ಜ್ವರವೆಂದು ಕರೆ ಬಂತು. ಹೋದವಳು ತಿರುಗಿ ಬರಲಿಲ್ಲ. ತಾಯಿ ಉಳಿಯಲಿಲ್ಲ. ಮಣ್ಣಿಗೆ ಹೋದಾಗ ಹಿತ್ತಲಲ್ಲಿ ನಿಂತು ಅವಳ ತಮ್ಮ ಆನಂದ ನನಗೆ ಎಲ್ಲ ಹೇಳಿದ. ರತ್ನಾ ಹೇಳಿರಬೇಕೆಂದು ಅವನು ತಿಳಿದಿದ್ದ, ಆದ್ದರಿಂದ ನಡುನಡುವೆ, ನಿಮಗೆ ಗೊತ್ತೇ ಇದ್ದದ್ದು ಎನ್ನುತ್ತಿದ್ದ. ಆನಂದನೂ ಹೆಂಡತಿ ಮಕ್ಕಳೂ ಸರಕು ಸಾಗಿಸಲು ಅಂಗಡಿಗೆ ಹೋಗಿದ್ದಾಗ ಮನೆಗೆ ನೀರು ಬಂತು. ಒಳಗೆ ರತ್ನಾ ಮತ್ತು ಮುದುಕಿ ಇಬ್ಬರೇ. ಬಸ್ಸು ಸಿಗದೆ, ವಹಿನಿ ಹೇಗಿದ್ದಾಳೋ ಎಂದು ತಿರುಗಿ ಬಂದ ದಿಲೀಪ ಮುದುಕಿಯನ್ನು ಬೆನ್ನಿಗೆ ಕಟ್ಟಿಕೊಂಡ. ರತ್ನಾ ಮುಂದೆ ಕೋಲಿನಿಂದ ತಳ ನೋಡುತ್ತ ನಡೆದಳು. ಸೊಂಟದ ನೀರಿನಲ್ಲಿ ಶಾಲೆ ಮುಟ್ಟಿದರು.

"ಅಂವ ಇರ್ಲಿಲ್ಲಂದ್ರ ಅವ್ವ ಆವತ್ತ ಹೋಗ್ತಿದ್ಲು, ದಾಜಿ," ಎಂದ. "ನಮಗ ಇಷ್ಟ ದಿನಾ ಸಿಕ್ಕಳು."

ನಾನು ಹೂಂ ಎಂದೆ. ಗೊತ್ತಿದ್ದವನ ಹಾಗೆ. ಒಳಗೆ ಹೆಂಗಸರ ನಡುವೆ ಕುಳಿತಿದ್ದ ರತ್ನಾ ಬಾಗಿಲಿನಿಂದ ನನ್ನನ್ನು ನೋಡಿದಳು. ಬೇರೆಯವರ ಬಾಯಿಂದ ಅರ್ಧಂಬರ್ಧ ನಾನು ಕೇಳಿದ್ದು ಅವಳು ಆವತ್ತು ತಂದಿದ್ದ ಕಥೆ. ನಾಟಕದ ಹೆಂಡತಿ ಗಂಡನ ಸಾಹಸ ಕೇಳಿ ಒಲಿದವಳು. ನನ್ನ ಹೆಂಡತಿ ಬದುಕಿನಲ್ಲಿ ಒಂದು ಸಲ ತಾನೇ ಒಂದು ಸಾಹಸ ಮಾಡಿ, ಕೆಂಪು ನಿಲುವಂಗಿ ಹೊದ್ದು, ಅದನ್ನು ಹೇಳಲು ಓಡಿ ಬಂದಿದ್ದಳು.

ಸರ್ ಒಮ್ಮೆ ಫೋನ್ ಮಾಡಿದ್ದರು. ಪಂಡಿತರು ಬರೆದದ್ದೆಲ್ಲ ಸತ್ತವಳ ಬಗ್ಗೆ, ನಿನ್ನವಳು ಬದುಕಿದ್ದಾಳೆ, ಹೋಗು ಎಂದರು. ನಾನು ಹೋಗಲಿಲ್ಲ. ಕೆಲಸ ಬಿಟ್ಟು ನೂಲಕ್ಕೆ ಮರಳಿದೆ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಬಸ್ಸಿನವರೆಗೆ ಹೋಗಿದ್ದೇನೆ. ಏನೆಂದು ಕೇಳುವುದು? ಸಂಶಯ ಪಟ್ಟೆ, ತಪ್ಪಾಯಿತು ಎಂದೇ? ಆ ಮಾತು ನಾಲಿಗೆಗೆ ಬಂದಾಗಲೆಲ್ಲ ಅದು ಸುಳ್ಳೆಂದು ಗೊತ್ತಾಗುತ್ತಿತ್ತು. ಇಷ್ಟು ವರ್ಷ ಹಾಗೆ ಸುಳ್ಳಿನ ಕ್ಷಮೆ ಹಿಡಿದುಕೊಂಡೇ ಕಳೆದೆ.

ಚಂದ್ರಕಾಂತನ ಮನೆಯಲ್ಲಿ ಕುಳಿತಾಗ ಅವನ ಹೆಂಡತಿ, ನಿಮ್ಮ ಗೆಳೆಯ ಕೊನೆಯವರೆಗೂ ನಿಮ್ಮಿಬ್ಬರನ್ನು ನೆನೆಯುತ್ತಿದ್ದರು ಎಂದಳು. ಚಹಾ ಕೊಟ್ಟಳು. ಲೋಟ ಕೈಯಲ್ಲಿ ಹಿಡಿದಾಗ, ಮೊದಲು ಚಾ ಕೊಡು ಎಂದಿದ್ದ ಅವನ ಮಾತು ನೆನಪಾಗಿ, ನನಗೆ ಅಳು ತಡೆಯಲಾಗಲಿಲ್ಲ. ಅಲ್ಲಿಂದೆದ್ದು, ಶೆಡ್ಡಿನ ಮುಂದೆ ಹಾದು, ನೂಲದ ಬಸ್ಸು ಬಿಟ್ಟು ಕೊಲ್ಹಾಪುರದ ಬಸ್ಸು ಹತ್ತಿದೆ.

ರತ್ನಾ ತಮ್ಮನ ಕಂಬಳಿಯ ಅಂಗಡಿಯ ಹಿಂದಿನ ಖೋಲಿಯಲ್ಲಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದ್ದವು. ಕನ್ನಡಕ ಏರಿಸಿಕೊಂಡು ಕಂಬಳಿಯ ಅಂಚು ಹೊಲಿಯುತ್ತಿದ್ದಳು. ಬನ್ನಿ ಎನ್ನಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ. ನಾನು ಹೊಸ್ತಿಲಲ್ಲೇ ನಿಂತು ಭಂಡಾರದ ಚೀಲ ತೆಗೆದೆ. ಈಚೆಗೆ ಅದು ಯಾವಾಗಲೂ ನನ್ನ ಹತ್ತಿರವೇ ಇರುತ್ತದೆ. ಅವಳ ಸೂಜಿ ನಿಂತಿತು. ಈ ಸಲ ಕೈ ಅವಳ ಕಡೆ ಚಾಚಲಿಲ್ಲ. ನನ್ನ ಮುಷ್ಟಿಯಲ್ಲೇ ತುಂಬಿಕೊಂಡು ಹಣೆಗೆ ಮುಟ್ಟಿಸಿದೆ.

"ಬೀರದೇವರ ಆಣಿ, ರತ್ನಾ. ನನಗ ಸಂಶೇ ಇರ್ಲಿಲ್ಲ. ಆವತ್ತೂ ಇರ್ಲಿಲ್ಲ. ಗೊತ್ತಿದ್ದ ಕೇಳ್ದೆ. ನೀ ನಗತಿದ್ದಿ, ಮಂದೀನ ನಗಸ್ತಿದ್ದಿ. ಆ ಊರು ನಿಂದಾಗಿತ್ತು, ನಂದಾಗಿರ್ಲಿಲ್ಲ. ಒಂದ ಸಲ ನೀ ಎಲ್ಲಾರ ಮುಂದ ತಲಿ ತಗ್ಗಿಸಿ ನಿಂದರೂದು ನೋಡಬೇಕಾಗಿತ್ತು ನನಗ."

ಸರ್ ಹೇಳಿದ ಪಂಡಿತರಲ್ಲಿ ಒಬ್ಬರು ಸಂಶಯ ಹೊರಗಿನಿಂದ ಬಂತೆಂದರು, ಒಬ್ಬರು ಒಳಗೇ ಇತ್ತೆಂದರು. ಸಂಶಯವೇ ಇಲ್ಲದೆಯೂ ಒಬ್ಬ ಗಂಡ ಹಾಗೆ ಕೇಳಬಲ್ಲನೆಂದು ಯಾರೂ ಹೇಳಿದ್ದು ನೆನಪಿಲ್ಲ. ಅದನ್ನು ನಾನು ಆ ಹೊಸ್ತಿಲಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದೆ. ಚೌಕಟ್ಟು ಹಿಡಿದುಕೊಂಡೆ.

ಅವಳು ಸೂಜಿಯನ್ನು ಕಂಬಳಿಗೆ ಚುಚ್ಚಿಟ್ಟಳು. ಮಳೆಯ ಸದ್ದು ಜೋರಾಯಿತು. ತನಗೆ ಗೊತ್ತಿತ್ತು ಎಂದು ಮಾತ್ರ ಹೇಳಿದಳು. ಆಮೇಲೆ ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು, ಗ್ಯಾಸಿನ ಸದ್ದು ಕೇಳಿತು. ಬಂದಾಗ ಕೈಯಲ್ಲಿ ಒಂದು ಲೋಟ ಚಹಾ. ಅದನ್ನು ನನ್ನ ಮುಂದಿಟ್ಟಳು. ನನ್ನ ಬೆರಳ ಭಂಡಾರ ಲೋಟಕ್ಕೆ ಹತ್ತಿತು.

"ಹಟ್ಟಿ ಬ್ಯಾರೇನ ಇರತದ. ಅದರ ಆಸೆ ಇಟ್ಕೋಬ್ಯಾಡ್ರಿ," ಎಂದಳು. "ಕೂಡ್ರಿ."

ಕೂತೆ. ಅವಳು ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಕನ್ನಡಕ ತೆಗೆದು, ಬಾಗಿಲಾಚೆಯ ಮಳೆ ನೋಡಿದಳು.

"ಆವತ್ತ ನೀರು ಮುಂದಿಂದ ಬರತದ ಅಂತ ನಾ ಬಾಗಲಾ ಕಾಯ್ಕೋತ ಕುಂತಿದ್ದೆ," ಎಂದಳು. "ಅದು ಮೊದಲ ಬಂದದ್ದ ಹಿತ್ತಲದಿಂದ."